ಕಿಟಕಿಯ ಪಕ್ಕದ ಹಾಸಿಗೆಯ ‘ಎರಡು’

ಕಾವಾಸಾಕಿಯ ಒಂದು ಆಸ್ಪತ್ರೆಯಲ್ಲಿ ನನ್ನ ಗಂಡನ ಪಿತ್ತಕೋಶವನ್ನು ತೆಗೆದ ಮರುದಿನ, ಮಂಗಳವಾರ ಮಧ್ಯಾಹ್ನ, ನಾನು ಅವನ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದೆ. ದಾದಿಯೊಬ್ಬರು ಬಂದು, ತಲೆಬಾಗಿ, ಸೊನ್ನೆಯಿಂದ ಹತ್ತರವರೆಗೆ ಅಂಕಿಗಳಿದ್ದ ಒಂದು ರಟ್ಟಿನ ಚೀಟಿಯನ್ನು ಅವನ ಮುಂದೆ ಹಿಡಿದು, ಈಗ ನೋವು ಎಷ್ಟಿದೆ ಎಂದು ಕೇಳಿದರು. ಅವನು ಮುಗುಳ್ನಕ್ಕು, ಕಚೇರಿಯ ಸಭೆಗಳಲ್ಲಿ ಕಲಿತ ತನ್ನ ಜಪಾನಿಯಲ್ಲಿ, “ಎರಡು” ಎಂದ. ದಾದಿ ಬರೆದುಕೊಂಡರು, ಧನ್ಯವಾದ ಹೇಳಿದರು, ಹೊರಟುಹೋದರು. ಅವರ ಗಾಡಿಯ ಚಕ್ರದ ಸದ್ದು ಪಡಸಾಲೆಯಲ್ಲಿ ಅಡಗಿದ ಮೇಲೆ ಅವನು ನನ್ನ ಮಣಿಕಟ್ಟನ್ನು ಹಿಡಿದುಕೊಂಡ.

“ಸಾಯ್ತಾ ಇದೀನಿ ಕಣೇ. ಹೊಟ್ಟೆ ಒಳಗೆ ಯಾರೋ ಕೂತ್ಕೊಂಡು ಸ್ಕ್ರೂಡ್ರೈವರ್ ತಿರುಗಿಸ್ತಾ ಇದಾರೆ.”

“ಈಗ ತಾನೇ ಎರಡು ಅಂದ್ಯಲ್ಲ?”

“ಅದು ಅವರಿಗೆ. ಇದು ನಿನಗೆ.”

ಈ ಮಾತು ಬೇರೆ ಯಾವ ಹೆಂಡತಿಯನ್ನಾದರೂ ಕರಗಿಸುತ್ತಿತ್ತು. ನನಗೆ ಸಿಟ್ಟು ಬಂತು. ಏಕೆಂದರೆ ಆ ಚೀಟಿ ನನ್ನದು. ಅದರ ಅಂಕಿಗಳ ಗಾತ್ರವನ್ನು, ಕೆಳಗಿನ ಪುಟ್ಟ ಮುಖಗಳನ್ನು, ಅಂಚಿನ ತಿಳಿನೀಲಿ ಬಣ್ಣವನ್ನು ನಾನೇ ತೀರ್ಮಾನಿಸಿದ್ದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ದಿನಗಳ ನೋವನ್ನು ಆಸ್ಪತ್ರೆಗಳು ಹೇಗೆ ಕಡಿಮೆ ಮಾಡಬಹುದು ಎಂಬುದು ನನ್ನ ಡಾಕ್ಟರೇಟಿನ ವಿಷಯ. ಆ ಚೀಟಿಯನ್ನು ಪ್ರಯೋಗಕ್ಕೆ ಇಟ್ಟಿದ್ದ ವಾರ್ಡೂ ಇದೇ. ಗಂಡನಿಗೆ ಇಲ್ಲಿಯೇ ಶಸ್ತ್ರಚಿಕಿತ್ಸೆ ಎಂದು ಗೊತ್ತಾದ ದಿನವೇ ನಾನು ನ್ಯಾಯವಾಗಿ ನಡೆದುಕೊಂಡು, ಅವನ ಅಂಕಿಗಳನ್ನು ನನ್ನ ಅಧ್ಯಯನದಿಂದ ಹೊರಗಿಡಬೇಕೆಂದು ಮಾರ್ಗದರ್ಶಕರಿಗೆ ಪತ್ರ ಬರೆದಿದ್ದೆ. ಅದನ್ನು ಹೇಳಿದಾಗ ಅವನು, “ಸದ್ಯ, ಮನೇಲಾದ್ರೂ ಇಟ್ಕೊಂಡಿರ್ತೀಯಲ್ಲ” ಎಂದಿದ್ದ.

ನಾನು ಆ ವಾರ್ಡಿಗೆ ಮೊದಲು ಕಾಲಿಟ್ಟಾಗ ಅಲ್ಲಿ ನೋವಿಗೆ ಔಷಧಿಯ ಕೊರತೆಯೇನೂ ಇರಲಿಲ್ಲ. ಕೇಳಿದವರಿಗೆ ಕೊಡುವ ಪದ್ಧತಿ ಇತ್ತು, ಕೇಳುವವರು ಇರಲಿಲ್ಲ. ಹೊಟ್ಟೆ ಕೊಯ್ಯಿಸಿಕೊಂಡವರು ಕರೆಗಂಟೆಯ ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು, ದಾದಿಯರಿಗೆ ತೊಂದರೆಯಾಗದ ಹೊತ್ತು ಯಾವುದೆಂದು ಯೋಚಿಸುತ್ತ ಮಲಗಿರುತ್ತಿದ್ದರು. ಅಂಥ ಹೊತ್ತು ಆಸ್ಪತ್ರೆಯಲ್ಲಿ ಬರುವುದೇ ಇಲ್ಲ. ಒತ್ತಿದರೂ ಮೊದಲ ಮಾತು ‘ಸುಮಿಮಾಸೆನ್’, ಕ್ಷಮಿಸಿ. ನೋಯುತ್ತಿರುವವರು ಕ್ಷಮೆ ಕೇಳುವ ಈ ವ್ಯವಸ್ಥೆ ಅನ್ಯಾಯದ್ದು ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ರೋಗಿ ಕೇಳಬಾರದು, ಆಸ್ಪತ್ರೆಯೇ ಕೇಳಬೇಕು ಎಂಬುದು ನನ್ನ ಪ್ರತಿಪಾದನೆಯಾಗಿತ್ತು. ದಿನಕ್ಕೆ ನಾಲ್ಕು ಸಲ ಪ್ರತಿಯೊಬ್ಬರ ಬಳಿಯೂ ಹೋಗಿ ಅಂಕಿ ಕೇಳುವುದು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ರೋಗಿ ಬಾಯಿಬಿಟ್ಟು ಬೇಡದೆಯೇ ಹೆಚ್ಚಿನ ಔಷಧಿ ಕೊಡುವುದು. ಇಷ್ಟೇ.

ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ವಿಷಯವನ್ನು ಸ್ಪಷ್ಟವಾಗಿ ಮಂಡಿಸು, ಎದುರಾಳಿಯ ಆಕ್ಷೇಪವನ್ನು ಅವನಿಗಿಂತ ಮೊದಲೇ ಊಹಿಸು, ಎಚ್ಚರಿಕೆಯ ಗಂಟೆ ಬಾರಿಸುವ ಹೊತ್ತಿಗೆ ಸಮಾರೋಪಕ್ಕೆ ಬಾ: ಈ ಕ್ರಮ ನನ್ನ ಉಸಿರಾಟದಲ್ಲಿಯೇ ಸೇರಿಹೋಗಿತ್ತು. ವಾರ್ಡಿನ ಸಭೆಯಲ್ಲಿ ನಾನು ಹದಿನೈದು ನಿಮಿಷ ಮಾತಾಡಿದೆ. ಜಪಾನಿಯಲ್ಲಿ ಪೂರ್ತಿ ಬರೆದು, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಏಳು ಆಕ್ಷೇಪಗಳಿಗೆ ಉತ್ತರ ಸಿದ್ಧವಿತ್ತು. ಒಂದೂ ಬರಲಿಲ್ಲ. ಎಲ್ಲರೂ ತಲೆದೂಗಿದರು. ಕೊನೆಗೆ ವಾರ್ಡಿನ ಮುಖ್ಯ ದಾದಿ ಮಾತ್ರ, ಪೆನ್ನಿನ ಟೋಪಿ ಮುಚ್ಚುತ್ತ, ಒಂದು ಪ್ರಶ್ನೆ ಕೇಳಿದರು.

“ಈ ಅಂಕಿಯನ್ನು ನಾವು ಎಲ್ಲಿ ನಿಂತು ಕೇಳಬೇಕು?”

“ಹಾಸಿಗೆಯ ಬಳಿಯಲ್ಲೇ. ಪರದೆ ತೆರೆದೇ ಇರಲಿ. ನೋವಿನ ಬಗ್ಗೆ ಮುಚ್ಚುಮರೆ ಇರಬಾರದು.”

“ಹಾಗೋ” ಎಂದರು ಅವರು. ಅದು ಆಕ್ಷೇಪವಾಗಿತ್ತು ಎಂದು ಅರ್ಥವಾಗಲು ನನಗೆ ಎಂಟು ತಿಂಗಳು ಹಿಡಿಯಿತು.

ಆ ಎಂಟು ತಿಂಗಳೂ ನಾನು ಬಹಳ ಸಂತೋಷವಾಗಿದ್ದೆ. ಚೀಟಿ ಬಂದ ಮೇಲೆ ವಾರ್ಡಿನ ಅಂಕಿಗಳು ಇಳಿದವು. ಗೆರೆ ಮೇಲಿನಿಂದ ಕೆಳಕ್ಕೆ ಜಾರುಬಂಡೆಯಂತೆ ಇಳಿದ ಚಿತ್ರವೊಂದನ್ನು ಒಸಾಕಾದ ಸಮ್ಮೇಳನವೊಂದರಲ್ಲಿ ತೋರಿಸಿ ಚಪ್ಪಾಳೆ ಗಿಟ್ಟಿಸಿ ಬಂದಿದ್ದೆ. ಕೇಳುವುದರಿಂದಲೇ ನೋವು ಅರ್ಧ ಕಡಿಮೆಯಾಗುತ್ತದೆ ಎಂದು ಅಲ್ಲಿ ಗಂಭೀರವಾಗಿ ಹೇಳಿಯೂ ಇದ್ದೆ.

ಈಗ ಆ ಜಾರುಬಂಡೆಯ ಮೇಲೆ ನನ್ನ ಗಂಡನೇ ಕುಳಿತಿದ್ದ.

“ನಿಜ ಹೇಳು. ಎಷ್ಟು?”

“ಆರು. ಕೆಮ್ಮಿದ್ರೆ ಏಳು.”

“ಮತ್ತೆ ಯಾಕೋ ಎರಡು ಅಂದೆ? ನಾಲ್ಕು ಅಂದಿದ್ರೆ ಔಷಧಿ ಕೊಡ್ತಿದ್ರು. ರೂಲ್ ಬರೆದಿರೋದೇ ನಾನು.”

ಅವನು ಗಲ್ಲವನ್ನು ಕಿಟಕಿಯ ಕಡೆಗೆ ಸ್ವಲ್ಪವೇ ತಿರುಗಿಸಿದ. ನಾಲ್ಕು ಹಾಸಿಗೆಗಳ ಆ ಕೋಣೆಯಲ್ಲಿ ಕಿಟಕಿಯ ಪಕ್ಕದಲ್ಲಿದ್ದವರು ಎಪ್ಪತ್ತೆಂಟು ವರ್ಷದ ಹಿರಿಯರು. ನಿವೃತ್ತ ರೈಲು ಚಾಲಕರು. ಹಿಂದಿನ ವಾರ ಅವರ ಜಠರದ ದೊಡ್ಡ ಭಾಗವನ್ನು ತೆಗೆದಿದ್ದರು. ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. ಹಣೆಯಲ್ಲಿ ತೆಳುವಾದ ಬೆವರು. ಆದರೂ ಬಿಳಿಯ ಕೂದಲನ್ನು ನೀರು ಹಚ್ಚಿ ಬಾಚಿಕೊಂಡು, ಸಮವಸ್ತ್ರ ತೊಟ್ಟವರಂತೆ ನೇರವಾಗಿ ಮಲಗಿದ್ದರು.

ಗಂಡ ದನಿ ತಗ್ಗಿಸಲಿಲ್ಲ. ಕನ್ನಡದಲ್ಲಿ ಮಾತಾಡುವವರಿಗೆ ಆ ದೇಶದಲ್ಲಿ ಅಷ್ಟೊಂದು ಸ್ವಾತಂತ್ರ್ಯವಿದೆ. “ದಾದಿ ಮೊದಲು ತಾತನ್ನ ಕೇಳ್ತಾರೆ. ತಾತ ಎರಡು ಅಂತಾರೆ. ಅವರಿಗೆ ಎದೆಯಿಂದ ಹೊಕ್ಕಳವರೆಗೆ ಕೊಯ್ದಿದಾರೆ. ನಂಗೆ ಇರೋದು ನಾಲ್ಕು ತೂತು. ನಾನು ಆರು ಅಂದ್ರೆ ಇಂಡಿಯಾ ಮರ್ಯಾದೆ ಏನಾಗ್ಬೇಕು?”

“ಇಂಡಿಯಾನ ಯಾಕೆ ತರ್ತೀಯ ಇದಕ್ಕೆ?”

“ಸರಿ, ಬೆಂಗಳೂರು ಮರ್ಯಾದೆ. ಎದುರುಗಡೆ ಹರ್ನಿಯಾದವರು ನಿನ್ನೆ ಏನಂದ್ರು ಗೊತ್ತಾ? ಒಂದೂವರೆ. ನಿನ್ನ ಕಾರ್ಡಲ್ಲಿ ಅರ್ಧಕ್ಕೆ ಜಾಗವೇ ಇಲ್ಲ. ಆ ದಾದಿ ಪಾಪ, ಎಲ್ಲಿ ಬರೀಬೇಕು ಅಂತ ಹುಡುಕ್ತಾ ಇದ್ರು.”

ನಾನು ಹೋಗಿ ದಾದಿಗೆ ಹೇಳಿ ಅವನಿಗೆ ಔಷಧಿ ಕೊಡಿಸಿದೆ. ಅವನ ಅಂಕಿಯನ್ನು ಅಧ್ಯಯನದಿಂದ ಹೊರಗಿಟ್ಟಿದ್ದರಿಂದ ನನ್ನ ಆತ್ಮಸಾಕ್ಷಿಗೆ ಏನೂ ಆಗಲಿಲ್ಲ. ಆಮೇಲೆ ದಾದಿಯರ ಕೋಣೆಯಲ್ಲಿ ಕುಳಿತು ಎಂಟು ತಿಂಗಳ ಹಾಳೆಗಳನ್ನು, ಈ ಸಲ ಹೆಸರು ಮತ್ತು ಶಸ್ತ್ರಚಿಕಿತ್ಸೆಯ ಪ್ರಕಾರವಲ್ಲದೆ, ಕೋಣೆಯ ಪ್ರಕಾರ ಜೋಡಿಸಿದೆ. ಒಂಟಿ ಕೋಣೆಗಳಲ್ಲಿ ಐದು, ಆರು, ಎಂಟು ಎಲ್ಲ ಇದ್ದವು. ಮನುಷ್ಯರಿಗೆ ಆಗುವ ನೋವುಗಳೇ ಆಗಿದ್ದವು. ನಾಲ್ಕು ಹಾಸಿಗೆಗಳ ಕೋಣೆಗಳಲ್ಲಿ ಮಾತ್ರ ದಾದಿ ಮೊದಲು ಯಾರನ್ನು ಕೇಳಿದರೋ ಅವರು ಏನು ಹೇಳಿದರೋ ಅದಕ್ಕಿಂತ ಮೇಲೆ ಒಬ್ಬರೂ ಹೋಗಿರಲಿಲ್ಲ. ನನ್ನ ಜಾರುಬಂಡೆ ನೋವಿನದಲ್ಲ, ಸೌಜನ್ಯದ್ದಾಗಿತ್ತು. ಚೀಟಿ ಬರುವ ಮೊದಲು ಅವರು ದಾದಿಯ ಮುಂದೆ ಮಾತ್ರ ಸಂಕೋಚಪಡುತ್ತಿದ್ದರು; ನಾನು ಬಂದು ಇನ್ನೂ ಮೂವರ ಮುಂದೆ, ದಿನಕ್ಕೆ ನಾಲ್ಕು ಸಲ ಸಂಕೋಚಪಡುವ ಏರ್ಪಾಡು ಮಾಡಿಕೊಟ್ಟಿದ್ದೆ.

ಇದು ನನ್ನ ಅಧ್ಯಯನದ ಸಂಕಟ ಮಾತ್ರವಾಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಅದೇ ಸಂಜೆ, ಪಡಸಾಲೆಯ ಪಾನೀಯ ಯಂತ್ರದ ಬಳಿ, ಕಿಟಕಿಯ ಹಿರಿಯರ ಹೆಂಡತಿ ಸಿಕ್ಕರು. ದಿನವೂ ಮಧ್ಯಾಹ್ನ ಬಸ್ಸಿನಲ್ಲಿ ಬರುವ, ಎರಡೂ ಮೊಣಕಾಲುಗಳಿಗೆ ಪಟ್ಟಿ ಕಟ್ಟಿಕೊಂಡ ಸಣ್ಣ ದೇಹದ ಹೆಂಗಸು. ಬಿಸಿ ಚಹಾದ ಡಬ್ಬಿಯನ್ನು ಕುಡಿಯದೆ, ಕೈ ಬೆಚ್ಚಗೆ ಮಾಡಿಕೊಳ್ಳುತ್ತ ನಿಂತಿದ್ದರು.

“ಓಕುಸಾನ್, ನಿಮ್ಮ ಯಜಮಾನರು ಆಗಲೇ ನಡೆದಾಡುತ್ತಿದ್ದಾರಂತೆ. ಎಷ್ಟು ಒಳ್ಳೆಯದು” ಎಂದರು. ಓಕುಸಾನ್ ಎಂದರೆ ಮನೆಯಾಕೆ. ನನ್ನ ಕುತ್ತಿಗೆಯಲ್ಲಿ ತೂಗುತ್ತಿದ್ದ ಸಂಶೋಧಕಿಯ ಗುರುತುಚೀಟಿಯನ್ನು ಆ ದಂಪತಿ ಒಮ್ಮೆಯೂ ಗಣನೆಗೆ ತೆಗೆದುಕೊಂಡಿರಲಿಲ್ಲ. “ನಮ್ಮವರು ಏಳುವುದೇ ಇಲ್ಲ. ಶುಕ್ರವಾರ ವೈದ್ಯರೆಲ್ಲ ಸೇರಿ ತೀರ್ಮಾನಿಸುತ್ತಾರೆ. ಪಡಸಾಲೆಯ ಕೊನೆಯವರೆಗೆ ನಡೆದರೆ ಮನೆಗೆ. ಇಲ್ಲದಿದ್ದರೆ ಚೇತರಿಕೆಯ ಆಸ್ಪತ್ರೆಗೆ ಕಳುಹಿಸುತ್ತಾರೆ. ಎರಡು ರೈಲು ಬದಲಾಯಿಸಿ ಹೋಗಬೇಕು. ಈ ಕಾಲುಗಳಲ್ಲಿ ನಾನು ವಾರಕ್ಕೊಮ್ಮೆ ಹೋಗಬಲ್ಲೆನೇನೋ.”

“ಅವರು ಯಾಕೆ ಏಳುವುದಿಲ್ಲ ಎಂದು ವೈದ್ಯರು ಹೇಳಿದರು?”

“ನೋವಿಲ್ಲವಂತೆ. ಎರಡೇ ಅಂತೆ. ಹಾಗಾಗಿ ಶಕ್ತಿಯೇ ಸಾಲದು ಎಂದು ಕಾಣುತ್ತದೆ ಎಂದರು.”

ನನ್ನ ಚೀಟಿಯನ್ನು ವೈದ್ಯರು ನಂಬಿದ್ದರು. ಬೆನ್ನಿಗೆ ಸಿಕ್ಕಿಸಿದ್ದ ಸಣ್ಣ ನಳಿಕೆಯಿಂದ ಮೊದಲ ಮೂರು ದಿನ ಹೋಗುತ್ತಿದ್ದ ಔಷಧಿಯನ್ನು ಪದ್ಧತಿಯಂತೆ ನಿಲ್ಲಿಸಿದ್ದರು. ಆಮೇಲಿನದೆಲ್ಲ ನನ್ನ ನಿಯಮದ ಪ್ರಕಾರ, ನಾಲ್ಕು ಮುಟ್ಟಿದರೆ ಮಾತ್ರ. ಅವರು ಎರಡನ್ನು ದಾಟಿರಲಿಲ್ಲ. ನೋವಿನಿಂದಾಗಿ ಆಳವಾಗಿ ಉಸಿರೆಳೆಯದೆ, ಕೆಮ್ಮದೆ, ಕಫ ಎದೆಯಲ್ಲಿಯೇ ಉಳಿದು, ಮಧ್ಯಾಹ್ನಗಳಲ್ಲಿ ಸಣ್ಣ ಜ್ವರ ಶುರುವಾಗಿತ್ತು. ಆ ವಯಸ್ಸಿನಲ್ಲಿ ಅದರ ಮುಂದಿನ ಹೆಜ್ಜೆ ಏನೆಂದು ನಾನು ಅವರ ಹೆಂಡತಿಗಿಂತ ಚೆನ್ನಾಗಿ ಬಲ್ಲೆ.

ಬುಧವಾರ ಬೆಳಗ್ಗೆ ನಾನು ಅವರ ಬಳಿಗೆ ಹೋದೆ. ತಪ್ಪು ಗೊತ್ತಾಗಿದೆ, ತಿದ್ದಿದರಾಯಿತು ಎಂಬ ಹುಮ್ಮಸ್ಸಿನಲ್ಲಿದ್ದೆ. ಸುತ್ತಲೂ ಪರದೆ ಎಳೆದೆ. ಕುರ್ಚಿಯನ್ನು ಹತ್ತಿರಕ್ಕೆ ಸರಿಸಿ, ದನಿಯನ್ನು ತಗ್ಗಿಸಿ, ವಾದವನ್ನು ಮಂಡಿಸಿದೆ. ನೋವನ್ನು ತಡೆದುಕೊಳ್ಳುವುದು ಗುಣವಾಗುವುದಕ್ಕೆ ಸಹಾಯ ಮಾಡುವುದಿಲ್ಲ. ಔಷಧಿ ತೆಗೆದುಕೊಳ್ಳುವುದು ದೌರ್ಬಲ್ಯವಲ್ಲ, ನಡೆಯುವುದಕ್ಕೆ ಬೇಕಾದ ಸಾಧನ. ನೀವು ನಿಜ ಹೇಳಿದರೆ ಈ ಕೋಣೆಯ ಉಳಿದ ಮೂವರಿಗೂ ನಿಜ ಹೇಳುವ ಧೈರ್ಯ ಬರುತ್ತದೆ. ಮೂರನೆಯದನ್ನು ಹೇಳುವಾಗ ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಅವರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು.

“ಓಕುಸಾನ್ ಹೇಳುವುದೆಲ್ಲ ಸರಿಯಾಗಿದೆ” ಎಂದರು. “ಬಹಳ ಚೆನ್ನಾಗಿ ಓದಿಕೊಂಡಿದ್ದೀರಿ. ನಿಮ್ಮ ಯಜಮಾನರು ಅದೃಷ್ಟವಂತರು.”

“ಧನ್ಯವಾದ. ಹಾಗಾದರೆ ಈಗ, ನಿಜವಾಗಿ, ಎಷ್ಟಿದೆ?”

ಅವರು ಬಹಳ ಹೊತ್ತು ಯೋಚಿಸಿದರು. ನನ್ನ ಮೇಲೆ ಅವರಿಗೆ ಕರುಣೆ ಇದ್ದುದರಲ್ಲಿ ನನಗೆ ಸಂಶಯವಿಲ್ಲ.

“ಎರಡು.”

ಪರದೆಯ ಆಚೆ, ಪಕ್ಕದ ಹಾಸಿಗೆಯಲ್ಲಿ, ನನ್ನ ಗಂಡ ಹೊಟ್ಟೆಯನ್ನು ಹಿಡಿದುಕೊಂಡು ನಗದಿರಲು ಪಡುತ್ತಿದ್ದ ಕಷ್ಟ ನನಗೆ ಕೇಳಿಸುತ್ತಿತ್ತು. ಪರದೆ ಸರಿಸಿದಾಗ ಅವನು ಅಳುಮುಖ ಮಾಡಿಕೊಂಡು ಹೇಳಿದ: “ನಗಿಸ್ಬೇಡ ಮೇಡಂ. ಹೊಲಿಗೆ ಬಿಚ್ಚುತ್ತೆ.”

“ಇದರಲ್ಲಿ ನಗೋದು ಏನಿದೆ? ಅವರನ್ನ ದೂರದ ಆಸ್ಪತ್ರೆಗೆ ಕಳಿಸ್ತಾರೆ ಕಣೋ. ನನ್ನ ಕಾರ್ಡ್‌ನಿಂದ.”

ಅವನ ನಗು ನಿಂತಿತು. “ಒಂದು ವಿಷಯ ಹೇಳ್ಲಾ? ಬೈಬಾರ್ದು.”

“ಹೇಳು.”

“ತಾತ ಬಾತ್‌ರೂಮಿಗೆ ಹೋಗೋದು ನೋಡಿದೀಯಾ? ದಾದಿ ಹಿಡ್ಕೊಂಡು ಎಬ್ಬಿಸ್ತಾರೆ. ಹೊರಡೋಕೆ ಮುಂಚೆ ತಾತ ಬೆರಳು ತೋರಿಸ್ತಾರೆ. ಚಪ್ಪಲಿ ಕಡೆ ತೋರಿಸಿ ಒಂದು ಸಲ, ಡ್ರಿಪ್ ಸ್ಟ್ಯಾಂಡ್ ಚಕ್ರದ ಕಡೆ ಒಂದು ಸಲ, ಬಾಗಿಲ ಕಡೆ ಒಂದು ಸಲ. ಪ್ರತಿ ಸಲ ‘ಯೋಶಿ’ ಅಂತಾರೆ.”

ಈ ಪದ್ಧತಿಯನ್ನು ಆ ದೇಶದಲ್ಲಿ ರೈಲು ಹತ್ತಿದವರೆಲ್ಲ ಬಲ್ಲರು. ಚಾಲಕ ಬಿಳಿಯ ಕೈಗವಸಿನ ಬೆರಳನ್ನು ಸಿಗ್ನಲಿನತ್ತ ಚಾಚಿ, ಅದು ಹಸಿರಾಗಿದೆ ಎಂದು ಬಾಯಿಬಿಟ್ಟು ಹೇಳುತ್ತಾನೆ. ಬಾಗಿಲು, ವೇಗ, ಗಡಿಯಾರ, ಎಲ್ಲಕ್ಕೂ ಹಾಗೆಯೇ. ಕಣ್ಣು ಕಂಡದ್ದನ್ನು ಬೆರಳೂ ಬಾಯಿಯೂ ಸಾಕ್ಷಿ ನುಡಿಯಬೇಕು. ‘ಯೋಶಿ’ ಎಂದರೆ ಸರಿಯಿದೆ ಎಂದು. ಕಾವಾಸಾಕಿಯಿಂದ ಶಿನಾಗಾವಾದ ಕಚೇರಿಗೆ ಹೋಗುವ ನನ್ನ ಗಂಡ ಪ್ರತಿದಿನ ಮೊದಲ ಬೋಗಿಯಲ್ಲಿ, ಚಾಲಕನ ಬೆನ್ನಹಿಂದಿನ ಗಾಜಿಗೆ ಮೂಗು ಒತ್ತಿ ನಿಲ್ಲುವ ವಯಸ್ಕರಲ್ಲಿ ಒಬ್ಬ. ನಾನು ಅದನ್ನು ಹಲವು ಸಲ ಆಡಿಕೊಂಡಿದ್ದೇನೆ.

“ಅದಕ್ಕೂ ನೋವಿಗೂ ಏನು ಸಂಬಂಧ?”

“ನಿನ್ನ ಕಾರ್ಡ್ ಅವರ ಒಪೀನಿಯನ್ ಕೇಳುತ್ತೆ ಕಣೇ. ಅವರು ಒಪೀನಿಯನ್ ಹೇಳೋ ಆಸಾಮಿ ಅಲ್ಲ. ನೋವು ಅವರ ಸ್ವಂತದ್ದು, ಯಾಕೆ ಹೇಳ್ತಾರೆ? ರೀಡಿಂಗ್ ಕೇಳು. ರೀಡಿಂಗ್ ಆದ್ರೆ ಅವರು ಸುಳ್ಳು ಹೇಳಲ್ಲ. ನಲವತ್ತು ವರ್ಷ ಬ್ರೇಕ್ ಸರಿಯಿಲ್ದೆ ‘ಯೋಶಿ’ ಅಂದಿರೋ ಮನುಷ್ಯ ಅಲ್ಲ ಅದು.”

ಚರ್ಚೆಯಲ್ಲಿ ಸೋತಾಗ ಎದುರಾಳಿಯ ಕೈ ಕುಲುಕಬೇಕೆಂಬುದು ನಿಯಮ. ಅವನ ಕೈಯಲ್ಲಿ ಸೂಜಿ ಇತ್ತು; ಹಾಗಾಗಿ ಎದ್ದು ಮುಖ್ಯ ದಾದಿಯನ್ನು ಹುಡುಕಿಕೊಂಡು ಹೋದೆ.

ಅವರಿಗೆ ನಾನು ಎರಡು ವಿಷಯ ಹೇಳಬೇಕಿತ್ತು. ಮೊದಲನೆಯದು, ಎಂಟು ತಿಂಗಳ ಹಿಂದೆ ಅವರು ಕೇಳಿದ್ದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು ಎಂಬುದು. ಅವರು ತಲೆಬಾಗಿದರು.

“ನಿಮಗೆ ಆಗಲೇ ಗೊತ್ತಿತ್ತು” ಎಂದೆ.

“ಅನುಮಾನವಿತ್ತು.”

“ಹೇಳಬಹುದಿತ್ತಲ್ಲ?”

“ನೀವು ಏಳು ಆಕ್ಷೇಪಗಳಿಗೆ ಉತ್ತರ ತಂದಿದ್ದಿರಿ. ಹಾಳೆ ಕಾಣುತ್ತಿತ್ತು. ಎಂಟನೆಯದನ್ನು ಕೊಟ್ಟು ನಿಮ್ಮನ್ನು ಕಂಗೆಡಿಸುವುದು ಬೇಡವೆನ್ನಿಸಿತು.” ಹೀಗೆ ಹೇಳುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ, ಸ್ವಲ್ಪ ಮೆತ್ತಗೆ, “ಅದು ನನ್ನ ತಪ್ಪು. ರೋಗಿಗಳು ಸುಮ್ಮನಿರುವುದನ್ನು ದೂರುತ್ತೇವೆ. ನಾನೂ ಸುಮ್ಮನಿದ್ದೆ” ಎಂದರು.

ಎರಡನೆಯದು ಗಂಡನ ಸಲಹೆ. ಅದನ್ನು ಕೇಳಿದ ತಕ್ಷಣ ಅವರು ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ಎಳೆದುಕೊಂಡರು. ನಡೆಯುವ ಮುಂಚಿನ ತಪಾಸಣೆ. ನಾನು ಕಾರಣಗಳ ಸಮೇತ ಹನ್ನೊಂದು ಅಂಶಗಳನ್ನು ಹೇಳಿದೆ. ಅವರು ಕೈಬರಹದಲ್ಲಿ ಐದನ್ನು ಬರೆದರು: ಆಳವಾದ ಉಸಿರು. ಕೆಮ್ಮು. ಪಕ್ಕಕ್ಕೆ ಹೊರಳುವುದು. ಕೂರುವುದು. ನಿಲ್ಲುವುದು. ಪ್ರತಿಯೊಂದರ ಮುಂದೆ ಎರಡೇ ಚೌಕ, ಸರಿಯಿದೆ, ಸರಿಯಿಲ್ಲ.

“ಕಾರಣಗಳನ್ನು ಕೆಳಗೆ ಸಣ್ಣದಾಗಿ ಹಾಕಬಹುದೇ?”

“ರೈಲಿನಲ್ಲಿ ಹಾಕಿರುತ್ತಾರೆಯೇ?”

ಹಾಕಿರುವುದಿಲ್ಲ.

ಗುರುವಾರ ಮಧ್ಯಾಹ್ನ, ವ್ಯಾಯಾಮ ಮಾಡಿಸುವವರು ಬರುವುದಕ್ಕೆ ಒಂದು ಗಂಟೆ ಮೊದಲು, ಮುಖ್ಯ ದಾದಿ ಆ ಹಾಳೆಯನ್ನು ಹಲಗೆಗೆ ಸಿಕ್ಕಿಸಿಕೊಂಡು ಕಿಟಕಿಯ ಬಳಿಗೆ ಹೋದರು. ನಾನು ಗಂಡನ ಹಾಸಿಗೆಯ ಪಕ್ಕದಲ್ಲಿ, ಕೇವಲ ಓಕುಸಾನ್ ಆಗಿ, ಸೇಬಿನ ಸಿಪ್ಪೆ ತೆಗೆಯುತ್ತ ಕುಳಿತಿದ್ದೆ. ಹಿರಿಯರ ಹೆಂಡತಿ ಆಗಷ್ಟೇ ಬಸ್ಸಿಳಿದು ಬಂದು, ಛತ್ರಿಯನ್ನು ಎಲ್ಲಿಡಬೇಕೆಂದು ನೋಡುತ್ತಿದ್ದರು.

“ಇಂದು ಪಡಸಾಲೆಯ ಕೊನೆಯವರೆಗೆ ಓಡಿಸಬೇಕು” ಎಂದರು ಮುಖ್ಯ ದಾದಿ. “ಹೊರಡುವ ಮುಂಚೆ ತಪಾಸಣೆ ಇದೆ. ವಾಹನ ನಿಮ್ಮದು. ನೀವೇ ನೋಡಿ ಹೇಳಬೇಕು, ನಾನು ಬರೆದುಕೊಳ್ಳುತ್ತೇನೆ.”

ಹಿರಿಯರು ಹಲಗೆಯನ್ನು ನೋಡಿದರು. ಐದು ಸಾಲುಗಳನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ಓದಿದರು. ಅಂಗಿಯ ಕೊರಳಪಟ್ಟಿಯನ್ನು ಸರಿಮಾಡಿಕೊಂಡರು. ಬಲಗೈಯ ತೋರುಬೆರಳನ್ನು ಚಾಚಿ ತಮ್ಮ ಎದೆಯ ಕಡೆಗೇ ತಿರುಗಿಸಿದರು.

“ಆಳವಾದ ಉಸಿರು” ಎಂದು ಘೋಷಿಸಿ, ಎಳೆದುಕೊಂಡರು. ಅದು ಅರ್ಧಕ್ಕೆ ಬಂದು ನಿಂತಿತು. ಬೆರಳು ಹಾಗೆಯೇ ಇತ್ತು. ‘ಯೋಶಿ’ ಎನ್ನಲು ಬಾಯಿ ಸಿದ್ಧವಾಗಿತ್ತು. ತುಟಿಗಳು ಆ ಆಕಾರಕ್ಕೆ ಬಂದದ್ದನ್ನು ನಾನು ನೋಡಿದೆ. ಆದರೆ ಅವರು ಅದನ್ನು ಹೇಳಲಿಲ್ಲ. ಹೇಳಲು ಅವರಿಂದ ಆಗಲಿಲ್ಲ.

“ಸರಿಯಿಲ್ಲ” ಎಂದರು.

ದಾದಿ ಗುರುತು ಹಾಕಿದರು. ಮುಖ ಎತ್ತಲಿಲ್ಲ.

“ಕೆಮ್ಮು.” ಅವರು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಪ್ರಯತ್ನಿಸಿದರು. ಕೆಮ್ಮು ಬರಲಿಲ್ಲ, ಹಲ್ಲುಗಳ ನಡುವಿನಿಂದ ಗಾಳಿ ಸಣ್ಣಗೆ ಹೊರಬಂತು. ಹಣೆಯ ಬೆವರು ಹುಬ್ಬಿಗೆ ಇಳಿಯಿತು. “ಸರಿಯಿಲ್ಲ. ಹೊರಳುವುದು… ಸರಿಯಿಲ್ಲ.”

ಎದುರಿನ ಹರ್ನಿಯಾದವರು ತಮ್ಮ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದರು. ಹಿರಿಯರ ಹೆಂಡತಿ ಛತ್ರಿಯನ್ನು ಕೈಯಲ್ಲಿಯೇ ಹಿಡಿದು ನಿಂತಿದ್ದರು.

“ಮೂರು ಕಡೆ ಸರಿಯಿಲ್ಲ” ಎಂದರು ಮುಖ್ಯ ದಾದಿ, ನಿಲ್ದಾಣದ ಮೇಲ್ವಿಚಾರಕರಂತೆ. “ಹೊರಡಬಹುದೇ?”

ಅವರಿಗೆ ಅದು ಸುಲಭದ ಪ್ರಶ್ನೆಯಾಗಿತ್ತು. “ಹೊರಡುವಂತಿಲ್ಲ.”

“ಹಾಗಾದರೆ ಮೊದಲು ದುರಸ್ತಿ ಮಾಡೋಣ. ಔಷಧಿ ಈಗ ಕೊಡುತ್ತೇನೆ. ಮುಕ್ಕಾಲು ಗಂಟೆಯಾದ ಮೇಲೆ ಮತ್ತೊಮ್ಮೆ ತಪಾಸಣೆ.”

“ಒಪ್ಪಿದೆ” ಎಂದರು ಹಿರಿಯರು. ಔಷಧಿ ಬೇಡವೆನ್ನುವ ಪ್ರಸಂಗವೇ ಅಲ್ಲಿ ಉದ್ಭವಿಸಲಿಲ್ಲ.

ಆ ಮುಕ್ಕಾಲು ಗಂಟೆ ನಾನು ಒಟ್ಟು ನಾಲ್ಕು ಸೇಬುಗಳ ಸಿಪ್ಪೆ ತೆಗೆದೆ. ಗಂಡ ಒಂದನ್ನು ತಿಂದು, “ಉಳಿದದ್ದು ಯಾರಿಗೆ?” ಎಂದು ಕೇಳಿದ. ಎರಡನೆಯ ತಪಾಸಣೆಯಲ್ಲಿ ಉಸಿರು ಮುಕ್ಕಾಲಿಗೆ ಏರಿತು. ಹಿರಿಯರು ದಿಂಬನ್ನು ಒತ್ತಿ ಹಿಡಿದು, ಕೆಮ್ಮಿನ ಕಡೆಗೆ ಬೆರಳು ತೋರಿಸಿ, ಕೆಮ್ಮಿದರು. ದೊಡ್ಡ, ಒರಟಾದ, ಕಫ ತುಂಬಿದ ಕೆಮ್ಮು. ಆಸ್ಪತ್ರೆಯಲ್ಲಿ ನಾನು ಕೇಳಿದ ಸದ್ದುಗಳಲ್ಲಿ ಅಷ್ಟು ಇಂಪಾದದ್ದು ಇನ್ನೊಂದಿಲ್ಲ. ಮತ್ತೊಮ್ಮೆ ಕೆಮ್ಮಿದರು. ಅವರ ಹೆಂಡತಿ ಕಾಗದದ ಕರವಸ್ತ್ರ ಚಾಚಿದರು. ಆ ದಿನ ಅವರು ಪಡಸಾಲೆಯ ಅರ್ಧದವರೆಗೆ, ನೀರಿನ ನಲ್ಲಿಯವರೆಗೆ, ನಡೆದು ವಾಪಸಾದರು.

ಅರ್ಧ ಸಾಲದು. ಶುಕ್ರವಾರದ ಸಭೆಯಲ್ಲಿ ವರ್ಗಾವಣೆಯ ಪತ್ರ ಮೇಜಿನ ಮೇಲಿತ್ತು. ನನಗೆ ಐದು ನಿಮಿಷ ಕೊಟ್ಟರು. ಕಾಲೇಜಿನಲ್ಲಿ ಎಷ್ಟೋ ಸಲ, ನಂಬಿಕೆಯಿಲ್ಲದ ಪಕ್ಷವನ್ನು ಸಮರ್ಥಿಸಬೇಕಾಗಿ ಬಂದು, ಚೀಟಿ ಎತ್ತಿ ಬಂದ ಪಕ್ಷಕ್ಕೆ ವಾದಿಸಿ ಗೆದ್ದಿದ್ದೇನೆ. ನನ್ನದೇ ಪಕ್ಷದ ವಿರುದ್ಧ, ಪೂರ್ಣ ನಂಬಿಕೆಯಿಂದ ಮಾತಾಡಿದ್ದು ಅದೇ ಮೊದಲು. ಈ ವಾರ್ಡಿನಲ್ಲಿ ನೋವು ಕಡಿಮೆಯಾಗಿಲ್ಲ. ನನ್ನ ಚೀಟಿ ಅದನ್ನು ಮುಚ್ಚಿಟ್ಟಿದೆ. ನಾಲ್ಕು ಹಾಸಿಗೆಗಳ ಕೋಣೆಯ ಅಂಕಿಗಳನ್ನು ನಂಬಿ ದಯವಿಟ್ಟು ಏನನ್ನೂ ತೀರ್ಮಾನಿಸಬೇಡಿ. ಕಿಟಕಿಯ ಹಾಸಿಗೆಯವರಿಗೆ ಶಕ್ತಿ ಇದೆ. ನಿನ್ನೆ ಔಷಧಿ ಸಿಕ್ಕಿದ ಮೇಲೆ ಅವರು ಏನು ಮಾಡಿದರೆಂಬುದು ಈ ಹಾಳೆಯಲ್ಲಿದೆ. ಮೂರು ನಿಮಿಷದಲ್ಲಿ ಮುಗಿಯಿತು. ಉಳಿದ ಎರಡು ನಿಮಿಷವನ್ನು ಏನು ಮಾಡಬೇಕೆಂದು ತಿಳಿಯದೆ ಕುಳಿತುಕೊಂಡೆ.

ಶಸ್ತ್ರಚಿಕಿತ್ಸಕರು ಮಾತು ಕಡಿಮೆಯ ಮನುಷ್ಯ. ಎರಡು ತಪಾಸಣೆಯ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು.

“ಇದನ್ನು ಯಾರು ಬರೆದದ್ದು?”

“ರೋಗಿಯೇ ಹೇಳಿದ್ದು” ಎಂದರು ಮುಖ್ಯ ದಾದಿ.

“ಔಷಧಿ ಗಡಿಯಾರದ ಪ್ರಕಾರ ಕೊಡಿ. ಕೇಳುವುದು ಬೇಡ, ಅಂಕಿಯೂ ಬೇಡ. ನಡೆಸುವ ಮುಂಚೆ ಒಂದು ಹೆಚ್ಚಿನದು. ಮಂಗಳವಾರ ಮತ್ತೆ ನೋಡೋಣ.” ವರ್ಗಾವಣೆಯ ಪತ್ರವನ್ನು ಅವರು ಹರಿಯಲಿಲ್ಲ, ಕಡತದ ಕೆಳಕ್ಕೆ ಸೇರಿಸಿದರು. ನಾಲ್ಕು ದಿನಗಳ ಗಡುವು.

ಗಂಡ ಅದೇ ಶುಕ್ರವಾರ ಮನೆಗೆ ಬಂದ. ಬಂದವನೇ ಬೀದಿಯ ತುದಿಯ ಕೊಂಬಿನಿ ಅಂಗಡಿಯ ಮೊಸರಿನಲ್ಲಿ ಅನ್ನ ಕಲಸಿಕೊಂಡು ತಿಂದು, ನೋವು ಸೊನ್ನೆ ಎಂದು ಘೋಷಿಸಿದ. ಶನಿವಾರ, ಭಾನುವಾರ ನನಗೆ ಆಸ್ಪತ್ರೆಯಲ್ಲಿ ಕೆಲಸವಿರಲಿಲ್ಲ, ಆದರೂ ಹೋದೆ. ಶನಿವಾರ ಹಿರಿಯರು ನೀರಿನ ನಲ್ಲಿಯಿಂದ ಎರಡು ಬಾಗಿಲು ಆಚೆಗೆ ನಡೆದರು. ಭಾನುವಾರ ಮಧ್ಯಾಹ್ನ ಜ್ವರ ಬರಲಿಲ್ಲ. ಸೋಮವಾರ ಅವರು ಪಡಸಾಲೆಯ ಕೊನೆಯ ಕಿಟಕಿಯನ್ನು ಮುಟ್ಟಿ, ಅಲ್ಲಿಂದ ಕಾಣುವ ಹಳಿಗಳ ಮೇಲೆ ಹಾದುಹೋದ ರೈಲೊಂದು ಹನ್ನೆರಡು ಸೆಕೆಂಡು ತಡವಾಗಿದೆ ಎಂದು ಟೀಕಿಸಿ, ಹಿಂದಕ್ಕೆ ನಡೆದು ಬಂದರು. ಆ ತಡದ ಬಗ್ಗೆ ಅವರಿಗಾದ ಸಿಟ್ಟು ನೋಡಿ ಮುಖ್ಯ ದಾದಿ ನನ್ನ ಕಿವಿಯಲ್ಲಿ, “ಇನ್ನು ಚಿಂತೆಯಿಲ್ಲ” ಎಂದರು.

ಈ ನಡುವೆ ಎಂಟು ತಿಂಗಳ ಅಧ್ಯಯನವನ್ನು ಮೊದಲಿನಿಂದ ಬರೆಯಬೇಕೆಂದು ಮಾರ್ಗದರ್ಶಕರು ಹೇಳಿದರು. ಒಸಾಕಾದ ಸಮ್ಮೇಳನಕ್ಕೆ ತಿದ್ದುಪಡಿಯ ಪತ್ರವನ್ನು ನಾನೇ ಕಳುಹಿಸಿದೆ. ಚೀಟಿಗಳನ್ನು ಒಂಟಿ ಕೋಣೆಗಳಿಗೆ ಮಾತ್ರ ಉಳಿಸಿಕೊಂಡೆವು. ತಿಳಿನೀಲಿ ಅಂಚು ಕೆಲವರಿಗೆ ಇಷ್ಟವಾಗಿತ್ತು ಎಂದು ದಾದಿಯೊಬ್ಬರು ಸಮಾಧಾನ ಹೇಳಿದರು.

ಮಂಗಳವಾರ ವೈದ್ಯರು ಒಪ್ಪಿದರು; ಬುಧವಾರ ಬೆಳಗ್ಗೆ ಕಿಟಕಿಯ ಹಿರಿಯರನ್ನು ಮನೆಗೆ ಕಳುಹಿಸಿದರು. ಅವರ ಹೆಂಡತಿ ಚೀಲಗಳನ್ನು ಹೊತ್ತಿದ್ದರಿಂದ ನಾನು ಗಾಲಿಕುರ್ಚಿಯನ್ನು ಬಾಗಿಲವರೆಗೆ ತಳ್ಳಿಕೊಂಡು ಹೋದೆ. ಟ್ಯಾಕ್ಸಿ ಕಾಯುತ್ತಿತ್ತು. ಅವರು ಕುರ್ಚಿಯಿಂದ ಎದ್ದು, ಬಗ್ಗಿ, ಹಿಂದಿನ ಸೀಟಿಗೆ ಸರಿಯುವಾಗ ಅರ್ಧದಲ್ಲಿ ನಿಂತರು. ಹೆಂಡತಿ ಆಚೆಯ ಬಾಗಿಲಿನಿಂದ ಹತ್ತಿ ಆಗಲೇ ಕುಳಿತಿದ್ದರು. ಕೈ ಚಾಚಿದರು, ಆದರೆ ಮುಟ್ಟಲಿಲ್ಲ.

“ನೋಯುತ್ತಿದೆಯೇ?” ಎಂದು ಕೇಳಿದರು.

ಹಿರಿಯರು ನನ್ನನ್ನು ನೋಡಿದರು. ನಾನು ಗಾಲಿಕುರ್ಚಿಯ ಬ್ರೇಕನ್ನು ಪರೀಕ್ಷಿಸುವವಳಂತೆ ಬಗ್ಗಿದೆ.

“ನೋಯುತ್ತಿದೆ” ಎಂದರು ಹೆಂಡತಿಗೆ.

ಹೆಂಡತಿ ಮುಖಭಾವ ಬದಲಿಸಲಿಲ್ಲ. ತಮ್ಮ ಮಡಿಲಿನಲ್ಲಿದ್ದ ದಿಂಬನ್ನು ಅವರ ಹೊಟ್ಟೆಯ ಮೇಲಿಟ್ಟು, ಬೆಲ್ಟನ್ನು ಅದರ ಮೇಲಿನಿಂದ ಹಾಯಿಸಿ, ಮುಂದಕ್ಕೆ ವಾಲಿ, ಸೇತುವೆಯ ಏರಿನಲ್ಲಿ ಸ್ವಲ್ಪ ನಿಧಾನವಾಗಿ ಹೋಗುವಂತೆ ಟ್ಯಾಕ್ಸಿಯವನಿಗೆ ಹೇಳಿದರು.